ಹವಳದ ಬಣ್ಣ: ದೀಪ ತೋರಿಸುವುದೆಷ್ಟು, ಹುಟ್ಟಿಸುವುದೆಷ್ಟು

ಅಕ್ವೇರಿಯಂಗೆ ನೀಲಿ ಎಲ್‌ಇಡಿ ಹಾಕಿದೊಡನೆ ಹವಳ ಹೊಳೆಯತೊಡಗುತ್ತದೆ. ಇದನ್ನು ನೋಡಿ, ದೀಪ ಹವಳಕ್ಕೆ ಬಣ್ಣ ತಂದಿತು ಎನ್ನುವವರಿದ್ದಾರೆ. ವಾಸ್ತವದಲ್ಲಿ ಆ ಗಳಿಗೆಯಲ್ಲಿ ಹವಳದೊಳಗೆ ಹೊಸದೇನೂ ಹುಟ್ಟಿರುವುದಿಲ್ಲ. ಅದರಲ್ಲಿ ಮೊದಲೇ ಇದ್ದ ಪ್ರೋಟೀನು ನೀಲಿ ಬೆಳಕನ್ನು ಹೀರಿ ಹಸಿರನ್ನೋ ಕೆಂಪನ್ನೋ ಹೊರಸೂಸುತ್ತಿರುತ್ತದೆ. ದೀಪ ತೋರಿಸುವ ಬಣ್ಣ ಬೇರೆ, ವಾರಗಟ್ಟಲೆ ಬೆಳಕುಂಡು ಹವಳ ತಾನೇ ಕಟ್ಟಿಕೊಳ್ಳುವ ಬಣ್ಣ ಬೇರೆ. ಇವೆರಡನ್ನೂ ಬಿಡಿಸಿ ನೋಡಬೇಕೆಂಬುದು ಈ ಟಿಪ್ಪಣಿಯ ವಾದ. (ಭಾರತದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಹಾಗಾಗಿ ಇಲ್ಲಿನ ಮಾತು ಅವುಗಳನ್ನು ಸಾಕಲು ಅವಕಾಶವಿರುವ ದೇಶಗಳ ಅಕ್ವೇರಿಯಂಗಳಿಗೆ ಸಂಬಂಧಿಸಿದ್ದು.)

ಹವಳದ ಕಂದು ಬಣ್ಣ ಅದರ ಸ್ವಂತದ್ದಲ್ಲ. ಅಂಗಾಂಶದಲ್ಲಿ ನೆಲೆಸಿರುವ ಏಕಕೋಶ ಪಾಚಿಯ ಕ್ಲೋರೋಫಿಲ್ ಮತ್ತು ಪೆರಿಡಿನಿನ್ ಸೇರಿ ಆದದ್ದು ಅದು. ಹಸಿರು, ಕೆಂಪು, ನೇರಳೆ ಬಣ್ಣಗಳನ್ನು ಮಾತ್ರ ಬಹುಮಟ್ಟಿಗೆ ಹವಳವೇ ತಯಾರಿಸುತ್ತದೆ. ನೇರಳೆ ಆಕ್ರೊಪೊರಾ ಹವಳದ ಒಂದು ಕೊಂಬೆಯನ್ನು ಹತ್ತಿರದಿಂದ ನೋಡಿದರೆ ದೀಪಕ್ಕೆ ಮುಖಮಾಡಿದ ಮಗ್ಗುಲು ನೇರಳೆಯಾಗಿ, ನೆರಳಿನ ಮಗ್ಗುಲು ಕಂದಾಗಿ ಇರುವುದುಂಟು. ನೀರು ಒಂದೇ, ಜೀವಿಯೂ ಒಂದೇ, ಬೇರೆಯಾದದ್ದು ಬೆಳಕು. ಹವಳ ಸಂಶೋಧಕ ಯೋರ್ಗ್ ವೀಡೆನ್‌ಮನ್ ಅವರ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಕಾರಣವನ್ನು ಸ್ಪಷ್ಟಪಡಿಸಿತು: ಈ ವರ್ಣಕ ಪ್ರೋಟೀನುಗಳ ಜೀನ್‌ಗಳನ್ನು ಚುರುಕುಗೊಳಿಸುವುದು ಮುಖ್ಯವಾಗಿ ನೀಲಿ ಬೆಳಕು. ಅತಿಯಾದ ಬೆಳಕಿನಿಂದ ಪಾಚಿಯನ್ನು ಕಾಯುವ ಪರದೆಯಾಗಿ ನೇರಳೆ ವರ್ಣಕ ಕೆಲಸ ಮಾಡುತ್ತದೆ ಎಂಬುದಕ್ಕೂ ಅದೇ ತಂಡದ ಮುಂದಿನ ಕೆಲಸದಲ್ಲಿ ಆಧಾರ ಸಿಕ್ಕಿದೆ.

ಇಲ್ಲೊಂದು ತೊಡಕಿದೆ. ನೇರಳೆ ವರ್ಣಕ ಹೀರುವುದು ಹಳದಿ–ಕಿತ್ತಳೆ ಭಾಗದ ಬೆಳಕನ್ನು. ಬರಿಯ ನೀಲಿ ದೀಪದಲ್ಲಿ ಆ ಭಾಗವೇ ಇರುವುದಿಲ್ಲ. ಹೀಗಾಗಿ ಆ ವರ್ಣಕವನ್ನು ಬೆಳೆಸಿದ ದೀಪವೇ ಅದನ್ನು ಕಣ್ಣಿಗೆ ಸರಿಯಾಗಿ ಕಾಣಿಸದು.

ಟ್ರ್ಯಾಕಿಫಿಲಿಯಾ ಹವಳದ್ದು ಮತ್ತೂ ಬೇರೆ ಬಗೆ. ಜಪಾನಿನ ಸಂಶೋಧಕರು 2002ರಲ್ಲಿ ವರದಿ ಮಾಡಿದ ಅದರ ‘ಕಯೆದೆ’ ಪ್ರೋಟೀನು ಹಸಿರಾಗಿ ಹುಟ್ಟಿ, ಅತಿನೇರಳೆ ಅಥವಾ ನೇರಳೆ ಬೆಳಕು ಬಿದ್ದರೆ ಕೆಂಪಾಗುತ್ತದೆ. ಒಮ್ಮೆ ಕೆಂಪಾದ ಅಣು ಮತ್ತೆ ಹಸಿರಾಗದು. ಆದ್ದರಿಂದ ‘ನೀಲಿ ದೀಪ’ ಎಂದಷ್ಟೇ ಬರೆದಿಟ್ಟ ದಾಖಲೆ ನನ್ನ ದೃಷ್ಟಿಯಲ್ಲಿ ಅಪೂರ್ಣ. 450 ನ್ಯಾನೋಮೀಟರಿನ ನೀಲಿಯೋ 400 ನ್ಯಾನೋಮೀಟರಿನ ನೇರಳೆಯೋ ಎಂಬುದು ಅದರಲ್ಲಿ ಇರಲೇಬೇಕು.

ಬಣ್ಣ ಗಾಢವಾದ ಮಾತ್ರಕ್ಕೆ ಹವಳ ಸುಖವಾಗಿದೆ ಎನ್ನಲಾಗದು. ಪಾಚಿ ಕಳೆದುಕೊಂಡ ಹವಳದ ಬಿಳಿ ಅಸ್ಥಿ ಬೆಳಕನ್ನು ಅಂಗಾಂಶದೊಳಗೇ ಮತ್ತೆ ಮತ್ತೆ ಪ್ರತಿಫಲಿಸುತ್ತದೆ. ಅಲ್ಲಿ ಹೆಚ್ಚಿದ ನೀಲಿ ಬೆಳಕು ಇನ್ನಷ್ಟು ವರ್ಣಕವನ್ನು ಹುಟ್ಟಿಸುತ್ತದೆ. ‘ವರ್ಣರಂಜಿತ ಬಿಳಿಚುವಿಕೆ’ಯನ್ನು ವೀಡೆನ್‌ಮನ್ ತಂಡ 2020ರಲ್ಲಿ ವಿವರಿಸಿದ್ದು ಹೀಗೆ. ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ತೀರಾ ಇಳಿದು ಪಾಚಿ ಕುಂದಿದಾಗಲೂ ನೀಲಿ ದೀಪದಡಿ ಹವಳ ಮನಮೋಹಕವಾಗಿಯೇ ಕಾಣಬಹುದು.

ಹಾಗಾಗಿ ದೀಪ ಬದಲಿಸಿ ಫಲಿತಾಂಶ ಹೇಳುವವರು ಹಳೆಯ ಮತ್ತು ಹೊಸ ಚಿತ್ರಗಳೆರಡನ್ನೂ ಒಂದೇ ಬಿಳಿ ದೀಪದಲ್ಲಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಬದಲಿಸದೆ ತೆಗೆಯಬೇಕು. ಪಾರ್ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕು) ಮೀಟರಿನ ಅಳತೆಯನ್ನು ಹವಳ ಕೂತ ಜಾಗದಲ್ಲೇ ತೆಗೆದು, ನೈಟ್ರೇಟ್, ಫಾಸ್ಫೇಟ್ ಮಟ್ಟವನ್ನೂ ಜೊತೆಗೆ ಬರೆದಿಡಬೇಕು.