ಸಾಲ ಯಾರದೋ, ತೆರುವವರು ಯಾರೋ?



ಭದ್ರಾವತಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಾರ್ಖಾನೆಯಿಂದ ಸ್ವಯಂನಿವೃತ್ತಿ ಪಡೆದಾಗ ಕೈಗೆ ಬಂದ ಹಣವನ್ನೆಲ್ಲ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಟ್ಟಿದ್ದಾರೆ. ಅದರ ಬಡ್ಡಿಯಲ್ಲಿಯೇ ಅವರ ಸಂಸಾರ ನಡೆಯಬೇಕು. "ಸಾರ್, ದೊಡ್ಡವರ ಸಾಲ ಮುಳುಗಿ ಬ್ಯಾಂಕು ಸೋತರೆ ನಮ್ಮ ಠೇವಣಿಯಲ್ಲಿ ಮುರಿದುಕೊಳ್ಳುವ ಕಾನೂನು ಬರುವುದಿತ್ತಲ್ಲ, ಅದು ಏನಾಯಿತು?" ಎಂದು ಅವರು ಈಚೆಗೆ ಕೇಳಿದರು. ಸಮಾಜವಿಜ್ಞಾನವನ್ನು ಬೋಧಿಸಿದ ನನಗೆ ಇದು ಪೌರನೀತಿಯ ಒಂದು ಉತ್ತಮ ಪಾಠವೆಂದು ತೋರಿತು. ಆದುದರಿಂದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಒಂದು ಮೂಲತತ್ತ್ವ. ನಾವು ಬ್ಯಾಂಕಿನಲ್ಲಿ ಇಡುವ ಹಣವು ತಿಜೋರಿಯಲ್ಲಿ ನಮ್ಮ ಹೆಸರಿನ ಚೀಟಿ ಅಂಟಿಸಿಕೊಂಡು ಕುಳಿತಿರುವುದಿಲ್ಲ. ಅದು ನಾವು ಬ್ಯಾಂಕಿಗೆ ಕೊಟ್ಟ ಸಾಲ. ಬ್ಯಾಂಕು ಅದನ್ನು ಇನ್ನೊಬ್ಬರಿಗೆ ಸಾಲವಾಗಿ ಕೊಡುತ್ತದೆ. ಆ ಸಾಲ ಹಿಂದಿರುಗದಿದ್ದರೆ ನಷ್ಟವೆಂಬುದು ಎಲ್ಲಿಯೂ ಮಾಯವಾಗುವುದಿಲ್ಲ. ಯಾರಾದರೊಬ್ಬರ ಗಂಟಿನಿಂದ ಅದು ತುಂಬಲೇಬೇಕು. ಒಂದನೆಯ ಗಂಟು ಸಾಲ ಪಡೆದವನ ಆಸ್ತಿ ಮತ್ತು ಬ್ಯಾಂಕಿನ ಒಡೆಯರ ಬಂಡವಾಳ. ಎರಡನೆಯದು ಠೇವಣಿದಾರರದು. ಮೂರನೆಯದು ಸರ್ಕಾರದ ಬೊಕ್ಕಸ, ಎಂದರೆ ತೆರಿಗೆ ಕೊಡುವ ನಮ್ಮೆಲ್ಲರದು. ಮೊದಲನೆಯ ಗಂಟನ್ನು ಬಿಟ್ಟು ಉಳಿದ ಎರಡಕ್ಕೆ ಕೈಹಾಕುವುದೆಂದರೆ ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿದಂತೆಯೇ ಸರಿ.

ನಮ್ಮ ನಾಡಿನ ಬ್ಯಾಂಕುಗಳು ಬೆಳೆದದ್ದು ಎರಡನೆಯ ಗಂಟಿನ ಬಲದಿಂದ. ಕೆನರಾ ಬ್ಯಾಂಕು ಮತ್ತು ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ ಕರಾವಳಿಯಲ್ಲಿ ಹುಟ್ಟಿದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾರಣರಾದ ಸರ್ ಎಂ. ವಿಶ್ವೇಶ್ವರಯ್ಯನವರೇ 1913ರಲ್ಲಿ ಬ್ಯಾಂಕ್ ಆಫ್ ಮೈಸೂರಿನ ಸ್ಥಾಪನೆಗೂ ಕಾರಣರಾದರು. ಮುಂದೆ ಸಿಂಡಿಕೇಟ್ ಬ್ಯಾಂಕು ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಅಂಗಡಿಯ ಬಾಗಿಲಿಗೆ ಬಂದು ಚಿಲ್ಲರೆ ಹಣವನ್ನು ಸಂಗ್ರಹಿಸುತ್ತಿದ್ದ ಪಿಗ್ಮಿ ಸಂಗ್ರಾಹಕರನ್ನು ನೀವೆಲ್ಲರೂ ಕಂಡವರೇ. ಹನಿ ಹನಿ ಕೂಡಿ ಹಳ್ಳವಾಯಿತು. ಆ ಹಳ್ಳದ ನೀರನ್ನು ಯಾರು ಮೊಗೆದುಕೊಂಡರು ಎಂಬುದು ಮುಂದಿನ ಕಥೆ.

ಬ್ಯಾಂಕು ಮುಳುಗಿದಾಗ ಠೇವಣಿದಾರನ ಗತಿಯೇನು ಎಂಬ ಪ್ರಶ್ನೆ ಸ್ವತಂತ್ರ ಭಾರತದ ಸಂಸತ್ತನ್ನು ತೀವ್ರವಾಗಿ ಕಾಡಿದ್ದು 1960ರಲ್ಲಿ. ಆ ವರ್ಷದ ಆಗಸ್ಟ್ 8ರಂದು ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಬಾಗಿಲು ಮುಚ್ಚಿತು. ಅದು ಆಗ ಆ ರಾಜ್ಯದ ಅತಿ ದೊಡ್ಡ ಬ್ಯಾಂಕಾಗಿದ್ದಿತು. ಸಾವಿರಾರು ಕುಟುಂಬಗಳು ಕಂಗಾಲಾದವು. ಇದರ ಫಲವಾಗಿ 1961ರ ಆಗಸ್ಟ್ 21ರಂದು ಠೇವಣಿ ವಿಮಾ ನಿಗಮದ ಮಸೂದೆ ಸಂಸತ್ತಿನಲ್ಲಿ ಮಂಡನೆಯಾಯಿತು. 1962ರ ಜನವರಿ 1ರಿಂದ ಕಾಯ್ದೆ ಜಾರಿಗೆ ಬಂದಿತು. ಬ್ಯಾಂಕು ಮುಳುಗಿದರೂ ಪ್ರತಿ ಠೇವಣಿದಾರನಿಗೆ 1,500 ರೂಪಾಯಿಗಳವರೆಗೆ ವಿಮೆಯ ಹಣ ದೊರೆಯುವ ವ್ಯವಸ್ಥೆ ಅದು. ವಿಮೆಯ ಕಂತನ್ನು ಠೇವಣಿದಾರನಲ್ಲ, ಬ್ಯಾಂಕೇ ಕಟ್ಟಬೇಕು. ಈ ಮಿತಿಯು ಹಂತಹಂತವಾಗಿ ಏರಿ 1993ರ ಮೇ ತಿಂಗಳಲ್ಲಿ 1 ಲಕ್ಷ ರೂಪಾಯಿ ಆಯಿತು. ಆಮೇಲೆ ಸುಮಾರು 27 ವರ್ಷ ಅದು ಅಲ್ಲಿಯೇ ನಿಂತಿತು. ರೂಪಾಯಿಯ ಬೆಲೆ ಇಳಿಯುತ್ತಾ ಹೋದರೂ ಮಿತಿ ಮಾತ್ರ ಏರಲಿಲ್ಲ.

ಈ ನಡುವೆ ದೊಡ್ಡ ಸಾಲಗಳು ಮುಳುಗತೊಡಗಿದವು. ಕರ್ನಾಟಕದಿಂದ 2002 ಮತ್ತು 2010ರಲ್ಲಿ ರಾಜ್ಯಸಭೆಗೆ ಆಯ್ಕೆಯಾಗಿದ್ದ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ವಿಮಾನ ಸಂಸ್ಥೆಯು 17 ಬ್ಯಾಂಕುಗಳಿಗೆ ಬಡ್ಡಿ ಸೇರಿ 9,000 ಕೋಟಿ ರೂಪಾಯಿಗೂ ಹೆಚ್ಚು ಹಣ ಬಾಕಿ ಉಳಿಸಿಕೊಂಡಿತ್ತು. ಆ ಬ್ಯಾಂಕುಗಳಲ್ಲಿ ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸಹ ಒಂದು. 2016ರ ಮಾರ್ಚ್ 2ರಂದು ಅವರು ದೇಶ ಬಿಟ್ಟು ಹೋದ ಸುದ್ದಿ ಹೊರಬಿದ್ದಾಗ ಸಂಸತ್ತಿನಲ್ಲಿ ಭಾರಿ ಗದ್ದಲವಾಯಿತು. ಆ ಮೇ ತಿಂಗಳಲ್ಲಿ ಅವರು ರಾಜ್ಯಸಭಾ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಸುಸ್ತಿ ಸಾಲದ ಬಗ್ಗೆ ಪ್ರಶ್ನೆ ಕೇಳಬೇಕಾದ ಸದನದಲ್ಲಿಯೇ ಬಾಕಿದಾರರೂ ಕುಳಿತಿದ್ದರೆಂಬುದು ವಿಪರ್ಯಾಸ. ಅದೇ ವರ್ಷದ ಫೆಬ್ರವರಿಯಲ್ಲಿ ನಮ್ಮ ರಾಜ್ಯದವರೇ ಆದ ಎಂ. ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಹಣಕಾಸು ಸ್ಥಾಯಿ ಸಮಿತಿಯು ವಸೂಲಾಗದ ಸಾಲಗಳ ಬಗ್ಗೆ ವರದಿಯೊಂದನ್ನು ಸಂಸತ್ತಿನ ಮುಂದಿಟ್ಟಿತ್ತು. 2018ರ ಮಾರ್ಚ್ ಅಂತ್ಯಕ್ಕೆ ಸರ್ಕಾರಿ ಬ್ಯಾಂಕುಗಳ ಇಂತಹ ಸಾಲ ಸುಮಾರು 8.96 ಲಕ್ಷ ಕೋಟಿ ರೂಪಾಯಿಗಳಿಗೆ ಏರಿತು.

ಇಂತಹ ಹೊತ್ತಿನಲ್ಲಿ, 2017ರ ಆಗಸ್ಟ್‌ನಲ್ಲಿ, ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರ ಇಲಾಖೆಯಿಂದ ಲೋಕಸಭೆಗೆ ಬಂದದ್ದೇ ಹಣಕಾಸು ಸಂಸ್ಥೆಗಳ ಪರಿಹಾರ ಮತ್ತು ಠೇವಣಿ ವಿಮಾ ಮಸೂದೆ. ಸೋಲುತ್ತಿರುವ ಬ್ಯಾಂಕನ್ನು ಬೇಗನೆ ಸರಿಪಡಿಸಲು ಒಂದು ನಿಗಮ ಇರಬೇಕೆಂಬುದು ಅದರ ಉದ್ದೇಶ, ಉದ್ದೇಶದಲ್ಲಿ ತಪ್ಪಿರಲಿಲ್ಲ. ಆದರೆ ಅದರ 52ನೆಯ ಖಂಡದಲ್ಲಿ ಬೇಲ್-ಇನ್ ಎಂಬ ಏರ್ಪಾಡಿತ್ತು. ಬೇಲ್-ಔಟ್ ಎಂದರೆ ಹೊರಗಿನಿಂದ, ಅಂದರೆ ಸರ್ಕಾರ ಹಣ ಕೊಟ್ಟು ಬ್ಯಾಂಕನ್ನು ಉಳಿಸುವುದು. ಬೇಲ್-ಇನ್ ಎಂದರೆ ಬ್ಯಾಂಕು ತಾನು ಇತರರಿಗೆ ಕೊಡಬೇಕಾದ ಹಣವನ್ನು ಕಡಿತ ಮಾಡಿ ಅಥವಾ ಷೇರುಗಳಾಗಿ ಮಾರ್ಪಡಿಸಿ ಒಳಗಿನಿಂದಲೇ ಉಳಿದುಕೊಳ್ಳುವುದು. ವಿಮೆಯಿರುವ ಠೇವಣಿಯನ್ನು ಇದರಿಂದ ಹೊರಗಿಡಲಾಗಿತ್ತು. ಆದರೆ ವಿಮೆಯ ಮಿತಿ ಎಷ್ಟು ಎಂಬುದನ್ನು ಮಸೂದೆ ಹೇಳಿರಲಿಲ್ಲ. ಅದನ್ನು ಹೊಸ ನಿಗಮದ ತೀರ್ಮಾನಕ್ಕೆ ಬಿಟ್ಟಿತ್ತು. ಮಿತಿಗಿಂತ ಮೇಲಿನ ಠೇವಣಿಯ ರಕ್ಷಣೆಯ ಬಗ್ಗೆ ಸಂದೇಹ ಹುಟ್ಟಿದ್ದು ಇಲ್ಲಿಯೇ.

ನ್ಯಾಯವಾಗಿ ಸರ್ಕಾರದ ಮಾತನ್ನೂ ಹೇಳಬೇಕು. ಹಳೆಯ ಕಾನೂನಿನ ಪ್ರಕಾರವೂ ಬ್ಯಾಂಕು ಸಮಾಪನಗೊಂಡರೆ ಮಿತಿಗಿಂತ ಮೇಲಿನ ಹಣ ಪೂರ್ತಿಯಾಗಿ ಸಿಗುವ ಭರವಸೆ ಇರಲಿಲ್ಲ. ಠೇವಣಿದಾರರ ಹಕ್ಕಿಗೆ ಹೊಸ ಮಸೂದೆಯಲ್ಲಿ ಹೆಚ್ಚಿನ ರಕ್ಷಣೆಯಿದೆ ಎಂದು ಸಚಿವಾಲಯ ವಾದಿಸಿತು. ಆದರೆ ಮುಳುಗಿದ ಬ್ಯಾಂಕಿನಲ್ಲಿ ಉಳಿದದ್ದನ್ನು ಹಂಚಿಕೊಳ್ಳುವುದು ಒಂದು, ನಡೆಯುತ್ತಿರುವ ಬ್ಯಾಂಕನ್ನು ಉಳಿಸಲು ಠೇವಣಿಯನ್ನೇ ಬಳಸಬಹುದೆಂದು ಕಾನೂನಿನಲ್ಲಿ ಬರೆಯುವುದು ಇನ್ನೊಂದು. ಜನ ಈ ಅಂತರವನ್ನು ಚೆನ್ನಾಗಿಯೇ ಅರಿತರು.

ಮಸೂದೆಯನ್ನು ಎರಡೂ ಸದನಗಳ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಕಾಂಗ್ರೆಸ್, ಎಡಪಕ್ಷಗಳು, ತೃಣಮೂಲ ಕಾಂಗ್ರೆಸ್ ಮುಂತಾದ ವಿರೋಧ ಪಕ್ಷಗಳು ಅದನ್ನು ವಿರೋಧಿಸಿದವು. ಬ್ಯಾಂಕ್ ನೌಕರರ ಸಂಘಗಳು ದನಿಗೂಡಿಸಿದವು. ಕೊನೆಗೆ 2018ರ ಆಗಸ್ಟ್ 7ರಂದು ಸರ್ಕಾರವು ಮಸೂದೆಯನ್ನು ಲೋಕಸಭೆಯಲ್ಲಿ ಹಿಂತೆಗೆದುಕೊಂಡಿತು. ಮತವಿಭಜನೆಯಲ್ಲಿ ಸೋತು ಅಲ್ಲ. ಸದನದಲ್ಲಿ ಸ್ಪಷ್ಟ ಬಹುಮತವಿದ್ದ ಸರ್ಕಾರವೇ ಹಿಂದೆ ಸರಿಯಿತು. ಬಹುಮತವಿದ್ದ ಮಾತ್ರಕ್ಕೆ ಎಲ್ಲವೂ ನಡೆಯುವುದಿಲ್ಲ, ಸಮಿತಿಯ ಪರಿಶೀಲನೆಗೂ ಜನಾಭಿಪ್ರಾಯಕ್ಕೂ ಬೆಲೆಯಿದೆ ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಬೇರೆ ದೇಶಗಳಲ್ಲಿಯೂ ಹೀಗೆ ನಡೆದಿದೆ. ಸೈಪ್ರಸ್ ದ್ವೀಪದ ಬ್ಯಾಂಕುಗಳು ಸೋತಾಗ ಸಣ್ಣ ಠೇವಣಿಗಳಿಂದ ಶೇಕಡಾ 6.75, ದೊಡ್ಡವುಗಳಿಂದ ಶೇಕಡಾ 9.9 ಮುರಿದುಕೊಳ್ಳುವ ಪ್ರಸ್ತಾಪ ಬಂದಿತು. 2013ರ ಮಾರ್ಚ್ 19ರಂದು ಅಲ್ಲಿನ ಸಂಸತ್ತಿನಲ್ಲಿ ಅದರ ಪರವಾಗಿ ಒಂದು ಮತವೂ ಬೀಳಲಿಲ್ಲ. ಕೊನೆಗೆ 1 ಲಕ್ಷ ಯೂರೋವರೆಗಿನ ಠೇವಣಿಗಳು ಉಳಿದವು; ಎರಡು ದೊಡ್ಡ ಬ್ಯಾಂಕುಗಳಲ್ಲಿ ಅದಕ್ಕೂ ಮೇಲಿನ ಠೇವಣಿ ಇಟ್ಟವರು ನಷ್ಟ ಹೊತ್ತರು. ಐಸ್‌ಲೆಂಡಿನಲ್ಲಿ ಒಂದು ಖಾಸಗಿ ಬ್ಯಾಂಕಿನ ವಿದೇಶಿ ಠೇವಣಿಯ ಹೊರೆಯನ್ನು ಪ್ರಜೆಗಳು ಹೊರಬೇಕೆಂಬ ಕಾನೂನು 2009ರ ಡಿಸೆಂಬರ್ 30ರಂದು 33-30 ಮತಗಳಿಂದ ಅಂಗೀಕಾರವಾಯಿತು. ಅಧ್ಯಕ್ಷರು ಸಹಿ ಹಾಕಲಿಲ್ಲ. 2010ರ ಮಾರ್ಚ್‌ನ ಜನಮತಗಣನೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಬೇಡವೆಂದರು. 2011ರಲ್ಲಿ ಮತ್ತೊಮ್ಮೆ ಬೇಡವೆಂದರು.

ಹಾಗಾದರೆ ನಾವು ಗೆದ್ದೆವೆ? ನನ್ನ ಅಭಿಪ್ರಾಯದಲ್ಲಿ ಅರ್ಧ ಮಾತ್ರ. ಎರಡನೆಯ ಗಂಟಿನ ಬಾಗಿಲನ್ನು ಸಂಸತ್ತು ಮುಚ್ಚಿತು. ಮೂರನೆಯದರ ಬಾಗಿಲು ತೆರೆದೇ ಇತ್ತು. 2016-17ರಿಂದ 2020-21ರವರೆಗಿನ ಐದು ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳಿಗೆ 3,10,997 ಕೋಟಿ ರೂಪಾಯಿ ಬಂಡವಾಳವನ್ನು ಕೇಂದ್ರ ಸರ್ಕಾರ ತುಂಬಿತೆಂದು ಸಂಸತ್ತಿಗೇ ಉತ್ತರ ಬಂದಿದೆ. ಅದರಲ್ಲಿ 34,997 ಕೋಟಿ ಮಾತ್ರ ಮುಂಗಡಪತ್ರದಿಂದ ನೇರವಾಗಿ ಬಂದದ್ದು. ಉಳಿದ 2,76,000 ಕೋಟಿ ಸಾಲಪತ್ರಗಳ ಮೂಲಕ. ಆ ಪತ್ರಗಳ ಬಡ್ಡಿಯನ್ನು ಬೊಕ್ಕಸವು ಕೊಡಬೇಕು. ಠೇವಣಿಗೆ ಕೈಹಾಕಿದರೆ ಊರೇ ಎದ್ದು ಕೂಗುತ್ತದೆ. ಬೊಕ್ಕಸದಿಂದ ಹೋದರೆ ಯಾರಿಗೂ ತಿಳಿಯುವುದಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂಬಂತಾಗುತ್ತದೆ.

2021-22ಕ್ಕೆ ಕೊನೆಗೊಂಡ ಐದು ವರ್ಷಗಳಲ್ಲಿ ಬ್ಯಾಂಕುಗಳು 10,09,511 ಕೋಟಿ ರೂಪಾಯಿ ಸಾಲವನ್ನು ಲೆಕ್ಕದಿಂದ ತೆಗೆದುಹಾಕಿದವು. ಇದು ಸಾಲಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ ಎಂಬ ಸರ್ಕಾರದ ವಿವರಣೆ ನಿಜ. ಆದರೆ ಹಾಗೆ ತೆಗೆದುಹಾಕಿದ ಸಾಲಗಳಿಂದ ಆ ಅವಧಿಯಲ್ಲಿ ವಸೂಲಾದದ್ದು 1,32,036 ಕೋಟಿ ಮಾತ್ರ. ಮೊದಲನೆಯ ಗಂಟನ್ನು ಬಿಚ್ಚಿಸುವುದು ಅಸಾಧ್ಯವೇನಲ್ಲ. ಮಲ್ಯ ಅವರ ಆಸ್ತಿಯಿಂದ 14,131.6 ಕೋಟಿ ರೂಪಾಯಿ ಬ್ಯಾಂಕುಗಳಿಗೆ ಮರಳಿತೆಂದು 2024ರ ಡಿಸೆಂಬರಿನಲ್ಲಿ ಹಣಕಾಸು ಸಚಿವರು ಲೋಕಸಭೆಗೆ ತಿಳಿಸಿದರು.

ಠೇವಣಿದಾರರಿಗೆ ಆದ ಲಾಭವನ್ನೂ ಮರೆಯಬಾರದು. 2020ರ ಫೆಬ್ರವರಿ 4ರಿಂದ ವಿಮೆಯ ಮಿತಿ 5 ಲಕ್ಷಕ್ಕೆ ಏರಿತು. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಪ್ರತಿಯೊಬ್ಬರೂ 35,000 ರೂಪಾಯಿ ಮಾತ್ರ ತೆಗೆಯಬಹುದೆಂದಾಗ ಎಷ್ಟೋ ಮಂದಿ ನಿವೃತ್ತರು ಕಣ್ಣೀರಿಟ್ಟರು. 2021ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಅದರಂತೆ, ಬ್ಯಾಂಕು ನಿರ್ಬಂಧದಲ್ಲಿರುವಾಗಲೇ 90 ದಿನಗಳೊಳಗೆ ವಿಮೆಯ ಹಣ ದೊರೆಯಬೇಕು.

ಭದ್ರಾವತಿಯ ನನ್ನ ವಿದ್ಯಾರ್ಥಿಗೂ ಉಳಿದೆಲ್ಲರಿಗೂ ಒಂದು ಕಿವಿಮಾತು. ವಿಮೆಯ ಮಿತಿಯು ಒಬ್ಬ ವ್ಯಕ್ತಿಗೆ, ಒಂದು ಬ್ಯಾಂಕಿಗೆ. ಶಿವಮೊಗ್ಗದ ಶಾಖೆಯಲ್ಲೊಂದು, ಭದ್ರಾವತಿಯ ಶಾಖೆಯಲ್ಲೊಂದು ಠೇವಣಿ ಇಟ್ಟರೂ ಒಂದೇ ಬ್ಯಾಂಕಾದರೆ ಎರಡನ್ನೂ ಬಡ್ಡಿಸಹಿತ ಕೂಡಿಸಿಯೇ ಲೆಕ್ಕ ಹಾಕುತ್ತಾರೆ. ಪತ್ತಿನ ಸಹಕಾರ ಸಂಘಗಳಲ್ಲಿ ಇಟ್ಟ ಹಣಕ್ಕೆ ಈ ವಿಮೆ ಅನ್ವಯಿಸುವುದೇ ಇಲ್ಲ. ಬಡ್ಡಿ ಅರ್ಧ ಶೇಕಡಾ ಹೆಚ್ಚು ಎಂಬ ಆಸೆಗೆ ಬೀಳುವ ಮೊದಲು ಇದನ್ನು ನೆನೆಯಿರಿ.

ಇನ್ನು ಮತದಾರರಾಗಿ ನಮ್ಮ ಕರ್ತವ್ಯವೇನು? ನಮ್ಮ ಠೇವಣಿ ಉಳಿಯಿತೆಂದು ಸುಮ್ಮನಾಗದೆ, ಈ ಸಾಲವನ್ನು ಯಾರಿಗೆ, ಯಾವ ಆಧಾರದ ಮೇಲೆ ಕೊಟ್ಟಿರಿ, ಅದರ ನಷ್ಟ ಯಾವ ಗಂಟಿನಿಂದ ತುಂಬುತ್ತಿದೆ ಎಂದು ಸದನದಲ್ಲಿ ಕೇಳುವವರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಬೆಂಬಲಿಸುವುದು. 2018ರಲ್ಲಿ ಮಸೂದೆಯೊಂದು ಹಿಂದೆ ಸರಿದದ್ದು ಹಾಗೆ ಕೇಳಿದ್ದರಿಂದಲೇ. ಈ ವಿಷಯದಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡಿದ ವಿದ್ಯಾರ್ಥಿಗಳು ನಿಮ್ಮ ಅನುಭವವನ್ನು ಬರೆದರೆ ಸಂತೋಷಪಡುತ್ತೇನೆ.