ಲೋಳೆ ತೆಗೆಯೋದೋ, ಬಿಡೋದೋ?

ನಮ್ಮೂರಲ್ಲಿ ಕಣ್ಣಿಗೆ ಏನೇ ಆದರೂ ‘ಪೊರೆ ಬಂದಿದೆ’ ಅಂತಾರೆ. ಡಾ. ಎಂ. ಸಿ. ಮೋದಿಯವರು ಕ್ಯಾಂಪುಗಳಲ್ಲಿ ತೆಗೆಯುತ್ತಿದ್ದದ್ದು ಕಣ್ಣಿನ ಮುಂಭಾಗದ, ಲೆನ್ಸಿನ ಪೊರೆ. ನಾನು ಹೇಳಹೊರಟಿರೋದು ಹಿಂಬದಿಯ ಪೊರೆಯ ಕಥೆ. ರೆಟಿನಾ ಮೇಲೆ ಗಾಯದ ಕಲೆಯ ಹಾಗೆ ತೆಳುವಾಗಿ ಬೆಳೆಯುವ ಇದು ಸುಕ್ಕುಗಟ್ಟಿದರೆ ರೆಟಿನಾವನ್ನೂ ಎಳೆಯುತ್ತೆ. ಆಗ ನೆಟ್ಟಗಿರುವ ಕರೆಂಟ್ ಕಂಬವೂ ಡೊಂಕಾಗಿ ಕಾಣುತ್ತೆ.

ಅದನ್ನು ತಲುಪಲು ಕಣ್ಣುಗುಡ್ಡೆಯೊಳಗೆ ತುಂಬಿರುವ ವಿಟ್ರಿಯಸ್ ಅನ್ನೋ ಲೋಳೆ ಅಡ್ಡ. ಲೋಳೆಗೆ ಕೈಹಾಕಿದರೆ ಕಣ್ಣೇ ಹೋಗುತ್ತೆ ಅಂತ ವೈದ್ಯರು ಬಹಳ ಕಾಲ ನಂಬಿದ್ದರು. 1960ರ ದಶಕದಲ್ಲಿ ಮಯಾಮಿಯ ಡೇವಿಡ್ ಕ್ಯಾಸ್ನರ್ ಕಣ್ಣಿನ ಮುಂಭಾಗ ತೆರೆದು ಲೋಳೆ ಕತ್ತರಿಸಿ ತೆಗೆದರು, ಕಣ್ಣು ಉಳಿಯಿತು. ಅಲ್ಲೇ ಇದ್ದ, ಜರ್ಮನಿಯಿಂದ ಬಂದ ರಾಬರ್ಟ್ ಮಾಕೆಮರ್‌ಗೆ ಅಷ್ಟು ದೊಡ್ಡದಾಗಿ ತೆರೆಯದೆ, ಪಕ್ಕದ ಸಣ್ಣ ತೂತಿನಿಂದಲೇ ಮಾಡುವ ಹಠ. ಕೊಳವೆಯೊಳಗೆ ತಿರುಗುವ ಡ್ರಿಲ್ ಇಟ್ಟು, ಕೋಳಿಮೊಟ್ಟೆಯ ಬಿಳಿಯನ್ನು ಎಳೆದು ಕತ್ತರಿಸಿ ಪರೀಕ್ಷೆ ಮಾಡಿದರು. (ನಮ್ಮ ಟೆಸ್ಟ್ ಎನ್ವಿರಾನ್‌ಮೆಂಟ್‌ಗಿಂತ ಅಗ್ಗ!) 1970ರಲ್ಲಿ ಅದು ಮನುಷ್ಯರ ಕಣ್ಣಿಗೆ ಬಂತು. ಆ ದಶಕ ಮುಗಿಯುವಷ್ಟರಲ್ಲಿ ರೆಟಿನಾ ಮೇಲಿನ ಪೊರೆಯನ್ನೂ ಸುಲಿಯತೊಡಗಿದರು.

ಮಾಕೆಮರ್ ಉಪಕರಣ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. 2002ರ ಹೊತ್ತಿಗೆ ಅರ್ಧ ಮಿಲಿಮೀಟರಿಗೆ ಇಳಿದು, ಹೊಲಿಗೆ ಹಾಕೋದೂ ಸಾಮಾನ್ಯವಾಗಿ ಬೇಡವಾಯಿತು. ತೂತು ಸಣ್ಣದಾದರೂ ಒಳಗೆ ಮಾಡೋ ಕೆಲಸ ಮಾತ್ರ ಅದೇ. ನಿಜವಾಗಿ ಬೇರೆ ಯೋಚನೆ ಮಾಡಿದ್ದು 1990ರ ದಶಕದ ಜಪಾನಿನ ವೈದ್ಯರು: ಲೋಳೆ ಹಾಗೇ ಇರಲಿ, ಸಣ್ಣ ಚಿಮಟ ತೂರಿಸಿ ಪೊರೆಯನ್ನಷ್ಟೇ ಸುಲಿಯೋಣ. ಕಾರಣ ಇತ್ತು. ಲೋಳೆ ತೆಗೆದರೆ ರೆಟಿನಾ ಕಡೆಯ ಆಮ್ಲಜನಕ ಲೆನ್ಸಿಗೆ ಹೆಚ್ಚು ತಲುಪುತ್ತೆ. ಐವತ್ತು ದಾಟಿದ ಬಹುತೇಕರಿಗೆ ಎರಡು ವರ್ಷದೊಳಗೆ ಮುಂದಿನ ಪೊರೆ ಬಲಿಯುತ್ತೆ. ಹಿಂದಿನದು ತೆಗೆಸಿ ಮುಂದಿನದು ತರಿಸಿಕೊಂಡ ಹಾಗೆ.

ಓದಿದಾಗ ನಾನು ಜಪಾನಿನವರ ಕಡೆಗೇ ವಾಲಿದೆ. ಇರೋ ಕೋಡ್ ಮುಟ್ಟದೆ ಒಂದೇ ಸಾಲು ತಿದ್ದೋದು ಯಾರಿಗಿಷ್ಟ ಇಲ್ಲ? ಲೆನ್ಸ್ ವಿಷಯದಲ್ಲಿ ಅವರ ಲೆಕ್ಕ ಸರಿಯೇ ಇತ್ತು. ಆದರೆ ಸುಲಿದ ಪೊರೆ ಮತ್ತೆ ಬೆಳೆಯೋದು ಅವರ ರೋಗಿಗಳಲ್ಲಿ ಜಾಸ್ತಿ ಕಂಡಿತು. ಲೆನ್ಸಿನ ಪೊರೆಗೆ ಸುಲಭದ ಆಪರೇಷನ್ ಇದೆ. ರೆಟಿನಾವನ್ನು ಎರಡನೇ ಸಲ ಕೆರೆಯೋದು ಯಾರಿಗೂ ಬೇಡ. ಹಾಗಾಗಿ ಲೋಳೆ ತೆಗೆಯೋ ಪದ್ಧತಿಯೇ ಗಟ್ಟಿಯಾಯಿತು.

ಇಷ್ಟೆಲ್ಲ ಕೆದಕಿದ್ದು ಅಮ್ಮನಿಗಾಗಿ. ಎಡಗಣ್ಣಲ್ಲಿ ಈ ಪೊರೆ ಅಂತ ಗೊತ್ತಾದ ದಿನ ಕೇಳಿದಳು: “ಲೋಳೆ ತೆಗೆದ್ಮೇಲೆ ಆ ಜಾಗ ಖಾಲಿ ಇರ್ತದೇನೋ?” ಇಲ್ಲಮ್ಮ, ಉಪ್ಪುನೀರಿನಂಥ ದ್ರವ ತುಂಬಿಸ್ತಾರೆ, ಆಮೇಲೆ ಕಣ್ಣೇ ತನ್ನ ನೀರು ಮಾಡ್ಕೊಳ್ಳುತ್ತೆ ಅಂದೆ. “ಮತ್ತೆ ಮುಂದಿನ ಪೊರೆ?” ಅದೂ ಬರಬಹುದು, ತೆಗೆಸೋಣ ಅಂದೆ. ಅಕ್ಕಿ ಆರಿಸೋಕೆ ಆಗ್ತಿರೋವರೆಗೆ ಕಾಯ್ತೀನಿ ಅಂದಳು. ಡಾಕ್ಟರೂ ಅವಸರವಿಲ್ಲ ಅಂದಿದ್ದಾರೆ. ಈಗ ದಿನಾ ಬೆಳಿಗ್ಗೆ ಬಲಗಣ್ಣು ಮುಚ್ಚಿಕೊಂಡು ಕ್ಯಾಲೆಂಡರಿನ ಗೆರೆ ನೋಡ್ತಾಳೆ.