ಡ್ಯಾಮ್ ಪಕ್ಕದ ಮೀನೆಲ್ಲ ತಾಜಾ, ಕಡಿಮೆ ರೇಟಿನದೆಲ್ಲ ಕೊಳೆತದ್ದು: ಫಿಶ್ ಫ್ರೈ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ಭಾನುವಾರ ಬಂದರೆ ಸಾಕು, ಚಿತ್ರದುರ್ಗ ಜಿಲ್ಲೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಮೀನಿನ ಮೆಸೇಜ್‌ಗಳು ಓಡಾಡುತ್ತವೆ. "ಕೆಂಪಗಿದ್ದರೆ ವಿಷ", "ನೊಣ ಕೂರದಿದ್ದರೆ ಫಾರ್ಮಾಲಿನ್", "ಮೀನು ತಿಂದು ಮಜ್ಜಿಗೆ ಕುಡಿದರೆ ತೊನ್ನು", "60 ರೂಪಾಯಿಗೆ ಕೊಡ್ತಾರೆ ಅಂದ್ರೆ ಸತ್ತು ನಾಲ್ಕು ದಿನ ಆದ ಮೀನು". ಇವುಗಳಲ್ಲಿ ಕೆಲವಕ್ಕೆ ಅರ್ಧ ಸತ್ಯದ ಆಧಾರವಿದೆ, ಕೆಲವಕ್ಕೆ ಅದೂ ಇಲ್ಲ. ನಿಜವಾಗಿ ಎಚ್ಚರ ವಹಿಸಬೇಕಾದ ಒಂದು ವಿಷಯ ಮಾತ್ರ ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ. ಅದು ಮುಂದೆ ಬರುತ್ತದೆ.

ಡ್ಯಾಮ್ ಪಕ್ಕದ ಅಂಗಡಿಯ ಮೀನು ಡ್ಯಾಮಿನದೇ?

ಹಿರಿಯೂರಿನ ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ, ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ತುಂಬಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. 2025ರ ಜನವರಿಯಲ್ಲಿ ಮತ್ತೊಮ್ಮೆ. ನೋಡಲು ಜನ ಬಂದರು, ಜನರ ಹಿಂದೆ ಫಿಶ್ ಫ್ರೈ ಬಂಡಿಗಳಿಗೂ ವ್ಯಾಪಾರ ಬಂತು.

ಆದರೆ ಡ್ಯಾಮ್ ತುಂಬಿದೆ ಅಂದರೆ ಮೀನು ಅಗ್ಗ ಅಂತಲ್ಲ. ನೀರು ಹೆಚ್ಚಿದಾಗ ಮೀನು ಚದುರಿಹೋಗುತ್ತದೆ, ಬಲೆಗೆ ಬೀಳುವುದು ಕಡಿಮೆ. ನೀರು ಇಳಿದ ಬೇಸಿಗೆಯಲ್ಲೇ ಬಲೆ ತುಂಬುವುದು. ಹಾಗಾಗಿ ಜಲಾಶಯ ಕಣ್ಣೆದುರಿಗೇ ಇದ್ದರೂ ಬಂಡಿಯಲ್ಲಿರುವ ಕಾಟ್ಲಾ ಆಂಧ್ರದ ಕೊಳದಲ್ಲಿ ಬೆಳೆದದ್ದಿರಬಹುದು. ಹಿನ್ನೀರಿನ ಪಕ್ಕದ ಹೊಸದುರ್ಗದವರಿಗೂ, ಸೂಳೆಕೆರೆ ದೂರವಲ್ಲದ ಹೊಳಲ್ಕೆರೆಯವರಿಗೂ ಇದೇ ಮಾತು. ಅದರಲ್ಲಿ ಮೋಸವೇನೂ ಇಲ್ಲ. ಐಸ್‌ನಲ್ಲಿ ಸರಿಯಾಗಿ ಬಂದ ಕೊಳದ ಮೀನು, ಬೆಳಿಗ್ಗೆ ಹಿಡಿದು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಇಟ್ಟ ಡ್ಯಾಮ್ ಮೀನಿಗಿಂತ ಎಷ್ಟೋ ವಾಸಿ. ಎಲ್ಲಿಯದು ಅಂತ ಕೇಳುವ ಬದಲು ಐಸ್ ಎಲ್ಲಿದೆ ಅಂತ ನೋಡಿ.

60 ರೂಪಾಯಿ ಪ್ಲೇಟು: ಒಂದು ಲೆಕ್ಕ

ಇಡೀ ಕಾಟ್ಲಾ ಕೆಜಿಗೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಹುರುಪೆ, ಕಿವಿರು, ಕರುಳು, ತಲೆ ತೆಗೆದರೆ ಉಳಿಯುವುದು ಸುಮಾರು 650 ಗ್ರಾಂ. ಅಂದರೆ ಕ್ಲೀನ್ ಮಾಡಿದ ಮೀನಿನ ನಿಜವಾದ ದರ ಕೆಜಿಗೆ 300 ರೂಪಾಯಿ ದಾಟಿತು. ತಲಾ 100 ಗ್ರಾಂನ ಎರಡು ತುಂಡಿಗೆ ಮೀನಿನದೇ ಖರ್ಚು ಸುಮಾರು 62 ರೂಪಾಯಿ. ಅದರ ಮೇಲೆ ಮಸಾಲೆ, ಎಣ್ಣೆ, ಗ್ಯಾಸ್, ಕೂಲಿ. ಕರಿದಾಗ ನೀರಿನಂಶ ಹೋಗಿ ತುಂಡು ಇನ್ನೂ ಹಗುರವಾಗುತ್ತದೆ, ಅದಕ್ಕೇ ಪ್ಲೇಟಿನಲ್ಲಿ ಸಣ್ಣದಾಗಿ ಕಾಣುವುದು.

ಹಾಗಾದರೆ 60 ರೂಪಾಯಿಗೆ ಕೊಡುವವರು ಹೇಗೆ ಕೊಡುತ್ತಾರೆ? ತುಂಡು ಚಿಕ್ಕದಿರಬಹುದು. ಕಾಟ್ಲಾ ಬದಲು ಜಿಲೇಬಿ ಮೀನು ಇರಬಹುದು. ಅದು ಅಗ್ಗ, ಆದರೆ ಹಾಳಾದದ್ದಲ್ಲ. ಮೀನಿಗಿಂತ ಹಿಟ್ಟಿನ ಲೇಪವೇ ದಪ್ಪ ಇರಬಹುದು. ಇಲ್ಲವೇ ಎಣ್ಣೆ ಬದಲಿಸದೆ ಉಳಿಸುತ್ತಿರಬಹುದು. ಮೊದಲ ಮೂರರಿಂದ ಆರೋಗ್ಯಕ್ಕೆ ಏನೂ ತೊಂದರೆಯಿಲ್ಲ, ನಾಲ್ಕನೆಯದು ಬೇರೆ ಮಾತು. ದೊಡ್ಡ ಹೋಟೆಲಿನಲ್ಲಿ 'ಫಿಶ್ ಅಂಡ್ ಚಿಪ್ಸ್' ಅಂತ ದುಬಾರಿ ಬೆಲೆಗೆ ಬರುವ ಮುಳ್ಳಿಲ್ಲದ ಬಿಳಿ ಮೀನು ಬಹಳ ಸಲ ಫ್ರೀಜ್ ಮಾಡಿದ ಬಾಸಾ. ಇಂಗ್ಲೆಂಡಿನಲ್ಲಿ ಅದಕ್ಕೆ ಬಳಸುವ ಕಾಡ್, ಹ್ಯಾಡಕ್ ಮೀನುಗಳು ನಮ್ಮ ಸಮುದ್ರದವೇ ಅಲ್ಲ. ಬೆಲೆ ಹೆಚ್ಚು ಅಂದ ಮಾತ್ರಕ್ಕೆ ಮೀನು ಹೆಚ್ಚು ತಾಜಾ ಅಂತಲೂ ಅಲ್ಲ.

ಜೂನ್, ಜುಲೈನಲ್ಲಿ ಬಂಗುಡೆ ಏಕೆ ದುಬಾರಿ ಅಂತ ಕೇಳುವವರಿಗೆ: ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆಗ ಸಿಗುವುದು ನಾಡದೋಣಿಯ ಮೀನು, ಹೊರರಾಜ್ಯದ ಮೀನು ಅಥವಾ ಶೀತಲಗೃಹದ ದಾಸ್ತಾನು.

ಫಾರ್ವರ್ಡ್‌ನಲ್ಲಿ ಬಾರದ ವಿಷಯ

"ನನಗೆ ಬಂಗುಡೆ ಆಗಲ್ಲ, ಅಲರ್ಜಿ" ಅನ್ನುವವರು ಬಯಲುಸೀಮೆಯಲ್ಲಿ ಬಹಳ ಮಂದಿ. ಅವರಲ್ಲಿ ಕೆಲವರಿಗೆ ಇರುವುದು ಅಲರ್ಜಿಯೇ ಅಲ್ಲ.

ಬಂಗುಡೆ, ಬೂತಾಯಿ, ಟ್ಯೂನಾದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಐಸ್ ಕರಗಿ ಮೀನು ಬಿಸಿಯಾದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಅಲರ್ಜಿ ಆದಾಗ ನಮ್ಮ ದೇಹವೇ ಬಿಡುಗಡೆ ಮಾಡುವ ರಾಸಾಯನಿಕ ಇದೇ. ಇಲ್ಲಿ ಅದು ತಟ್ಟೆಯಿಂದಲೇ ನೇರವಾಗಿ ಒಳಗೆ ಹೋಗುತ್ತದೆ. ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುವುದು, ಬಾಯಿ ಉರಿ, ತಲೆನೋವು, ಮೈಮೇಲೆ ದದ್ದು, ಎದೆಬಡಿತ, ಭೇದಿ ಶುರುವಾಗುತ್ತವೆ.

ಕೆಟ್ಟ ಸುದ್ದಿ ಏನೆಂದರೆ ಹಿಸ್ಟಮಿನ್ ಕಾವಿಗೆ ಜಗ್ಗುವುದಿಲ್ಲ. ಕಾದ ಎಣ್ಣೆಯಲ್ಲಿ ಕರಿದರೂ ಹೋಗದು, ಮತ್ತೆ ಫ್ರಿಜ್‌ನಲ್ಲಿಟ್ಟರೂ ಹೋಗದು, ನಿಂಬೆರಸ ಹಿಂಡಿದರೂ ಹೋಗದು. "ಚೆನ್ನಾಗಿ ಕರಿದರೆ ಎಲ್ಲಾ ಸತ್ತುಹೋಗುತ್ತೆ" ಎಂಬ ಮಾತು ಬ್ಯಾಕ್ಟೀರಿಯಾಕ್ಕೆ ಸರಿ, ಅದು ಬಿಟ್ಟುಹೋದ ವಿಷಕ್ಕೆ ಸರಿಯಲ್ಲ. ಘಾಟಿ ಹತ್ತಿ ನೂರಾರು ಕಿಲೋಮೀಟರ್ ದಾಟಿ ಚಿತ್ರದುರ್ಗಕ್ಕೆ ಬರುವ ಸಮುದ್ರದ ಮೀನಿಗೆ ದಾರಿಯ ಐಸೇ ಜೀವಾಳ.

ಗುರುತು ಹಿಡಿಯುವುದು ಹೇಗೆ? ಒಂದೇ ಮೀನು ಹಂಚಿ ತಿಂದ ಮೂರ್ನಾಲ್ಕು ಜನರಿಗೆ ಒಟ್ಟಿಗೆ ಹೀಗಾದರೆ ಅಲರ್ಜಿಗಿಂತ ಹಿಸ್ಟಮಿನ್ ಮೇಲೆ ಅನುಮಾನ ಹೆಚ್ಚು. ಖಾರ ಹಾಕದ ತುಂಡೂ ನಾಲಿಗೆಗೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ. ಬಹುತೇಕರಿಗೆ ಒಂದು ದಿನದೊಳಗೆ ತಾನಾಗಿ ಕಡಿಮೆಯಾಗುತ್ತದೆ. ಉಸಿರಾಟಕ್ಕೆ ಕಷ್ಟವಾದರೆ, ತುಟಿ ಅಥವಾ ನಾಲಿಗೆ ಊದಿಕೊಂಡರೆ, ತಲೆ ಸುತ್ತಿ ಬಿದ್ದರೆ ಯಾವ ಲೆಕ್ಕವನ್ನೂ ಹಾಕುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ ಎಂದು ವೈದ್ಯರಿಗೆ ಹೇಳಿ.

ಕೆಂಪು ಬಣ್ಣ

2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸಸ್ಯಾಹಾರಿ, ಕೋಳಿ ಮತ್ತು ಮೀನಿನ ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೂ ಮೊದಲು ಪರೀಕ್ಷಿಸಿದ 39 ಕಬಾಬ್ ಮಾದರಿಗಳಲ್ಲಿ 8 ಅಸುರಕ್ಷಿತವೆಂದು ಬಂದಿದ್ದವು. ಸನ್‌ಸೆಟ್ ಯೆಲ್ಲೋ, ಕಾರ್ಮೋಯಿಸಿನ್ ಬಣ್ಣಗಳು ಸಿಕ್ಕಿದ್ದವು. ಹಾಗಂತ ಕೆಂಪಗಿರುವುದೆಲ್ಲ ಬಣ್ಣ ಹಾಕಿದ್ದಲ್ಲ. ಬ್ಯಾಡಗಿ ಮೆಣಸಿನಕಾಯಿಯೂ ಚೆನ್ನಾಗಿಯೇ ಕೆಂಪಾಗಿಸುತ್ತದೆ. ವ್ಯತ್ಯಾಸ ಇಷ್ಟೆ: ಮೆಣಸಿನಕಾಯಿ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ಈ ಕೃತಕ ಬಣ್ಣಗಳು ನೀರಿನಲ್ಲಿ ಕರಗುತ್ತವೆ. ಒಂದು ಚೂರನ್ನು ಲೋಟದ ನೀರಿಗೆ ಹಾಕಿದಾಗ ನೀರು ಶರಬತ್ತಿನಂತೆ ತಿಳಿಯಾದ ಕೆಂಪು ಬಣ್ಣಕ್ಕೆ ತಿರುಗಿದರೆ ಅನುಮಾನಪಡಬಹುದು. ಇದು ಸುಳಿವು ಅಷ್ಟೇ, ಸಾಕ್ಷಿಯಲ್ಲ. ಇದನ್ನೇ ವಿಡಿಯೋ ಮಾಡಿ ಅಂಗಡಿಯ ಹೆಸರು ಹಾಕಿ ಗ್ರೂಪಿಗೆ ಬಿಟ್ಟರೆ ಒಬ್ಬರ ಹೊಟ್ಟೆಪಾಡು ಹೋಗಬಹುದು. ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ದೂರು ಕೊಡಿ, ಮಾದರಿ ತೆಗೆದು ಲ್ಯಾಬ್‌ಗೆ ಕಳಿಸುವುದು ಅವರ ಕೆಲಸ.

ನೊಣ ಮತ್ತು ಫಾರ್ಮಾಲಿನ್

ಫಾರ್ಮಾಲಿನ್ ಭಯ ಸುಳ್ಳಲ್ಲ. 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಫಾರ್ಮಾಲಿನ್ ಹಾಕಿದ ಮೀನಿನ ಲೋಡುಗಳನ್ನು ಹಿಡಿದಿತ್ತು. ಆದರೆ ನೊಣದ ಪರೀಕ್ಷೆ ನಂಬಬೇಡಿ. ಐಸ್ ಮೇಲೆ ತಣ್ಣಗಿರುವ ಒಳ್ಳೆಯ ಮೀನಿನ ಮೇಲೂ ನೊಣ ಕಡಿಮೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದಕ್ಕೆಂದೇ ಕಾಗದದ ಪಟ್ಟಿಯ ಕಿಟ್ ರೂಪಿಸಿದೆ.

ತೊನ್ನಿನ ವಿಷಯ ಒಂದೇ ಸಾಲಿನಲ್ಲಿ ಮುಗಿಸಬಹುದು: ಅದು ದೇಹದ ರೋಗನಿರೋಧಕ ವ್ಯವಸ್ಥೆ ಬಣ್ಣದ ಕೋಶಗಳ ಮೇಲೆ ತಿರುಗಿಬಿದ್ದು ಬರುವಂಥದ್ದು, ಮೀನು-ಹಾಲಿಗೂ ಅದಕ್ಕೂ ಸಂಬಂಧವಿಲ್ಲ. ಬಂಗಾಳಿಗಳು ಮೊಸರಿನಲ್ಲೇ ಮೀನು ಬೇಯಿಸಿ ತಿನ್ನುತ್ತಾರೆ.

ಎಣ್ಣೆ ಮತ್ತು ಪಾರ್ಸಲ್ ಪೇಪರ್

ಕರಿದ ಎಣ್ಣೆಯಲ್ಲಿ 'ಟೋಟಲ್ ಪೋಲಾರ್ ಕಾಂಪೌಂಡ್' ಶೇ. 25 ದಾಟಿದರೆ ಅದನ್ನು ಬಳಸುವಂತಿಲ್ಲ. ಈ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಳೆಯಲು ಮೀಟರ್ ಬೇಕು, ಆದರೆ ಬಾಣಲೆ ಮುಂದೆ ನಿಂತವರಿಗೂ ಒಂದಿಷ್ಟು ತಿಳಿಯುತ್ತದೆ. ಎಣ್ಣೆ ಕಪ್ಪಗೆ ಮಂದವಾಗಿದ್ದರೆ, ಮೀನು ಹಾಕದಿದ್ದಾಗಲೂ ನೊರೆ ನಿಂತಿದ್ದರೆ, ಬೇಗನೆ ಹೊಗೆಯಾಡಿ ಕಣ್ಣು ಉರಿಸಿದರೆ ಮುಂದಿನ ಬಂಡಿಗೆ ಹೋಗಿ. ಸಂಜೆ ಅಂಗಡಿ ತೆರೆದ ಮೊದಲ ಗಂಟೆಯಲ್ಲಿ ಹೋದರೆ ಎಣ್ಣೆಯ ಬಣ್ಣ ನೋಡುವುದು ಸುಲಭ. ಆಗಲೇ ಕಪ್ಪಗಿದ್ದರೆ ಅದು ಇವತ್ತಿನದಲ್ಲ.

ಪಾರ್ಸಲ್ ಕಟ್ಟುವಾಗ ನ್ಯೂಸ್ ಪೇಪರ್ ಬೇಡ ಅನ್ನಿ. ಬಿಸಿ ಎಣ್ಣೆಗೆ ಮುದ್ರಣದ ಶಾಯಿ ಬಿಡುತ್ತದೆ, ಆಹಾರ ಕಟ್ಟಲು ಅದನ್ನು ಬಳಸುವುದಕ್ಕೆ ನಿಯಮದಲ್ಲೂ ಅವಕಾಶವಿಲ್ಲ. ಮನೆಯಿಂದ ಸ್ಟೀಲ್ ಡಬ್ಬಿ ಒಯ್ದರೆ ಇನ್ನೂ ಒಳ್ಳೆಯದು. ಮುಚ್ಚಳ ಸ್ವಲ್ಪ ತೆರೆದಿಡಿ, ಇಲ್ಲದಿದ್ದರೆ ಹಬೆಗೆ ಮೀನು ಮೆತ್ತಗಾಗುತ್ತದೆ, ಆಮೇಲೆ ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ.